ಕೆರೆ ತುಂಬಿದೆ, ಆದರೆ ಹಸಿರಾಗಿದೆ

ಕ್ಯಾಲನೂರಿಂದ ಕೋಲಾರದ ಕಡೆ ಬರ್ತಾ ಈಗಷ್ಟೇ ಒಂದು ಕೆರೆ ಏರಿ ಮೇಲೆ ಗಾಡಿ ನಿಲ್ಲಿಸಿದೆ. ದಡದುದ್ದಕ್ಕೂ ಕಡುಹಸಿರು ಪಾಚಿ. ಕಡ್ಡಿಯಿಂದ ಕದಡಿದರೆ ಪೇಂಟ್ ಥರ ಮೆತ್ತಿಕೊಂಡು ಬಂತು. ಪಕ್ಕದಲ್ಲೇ ಎಮ್ಮೆ ನೀರು ಕುಡೀತಿತ್ತು.

ಬೆಂಗಳೂರಿನ ಶುದ್ಧೀಕರಿಸಿದ ನೀರು ತಂದು ಇಲ್ಲಿನ ಕೆರೆ ತುಂಬಿಸೋ ಕೆ.ಸಿ. ವ್ಯಾಲಿ ಯೋಜನೆಯನ್ನೇ ಬೈಯೋದು ನನಗೆ ಒಪ್ಪಿಗೆಯಿಲ್ಲ. ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್ಲಲ್ಲಿ ಧೂಳು ಬಂದ ವರ್ಷಗಳನ್ನ ಈ ಜಿಲ್ಲೆ ಮರೆತಿಲ್ಲ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಎಷ್ಟು ಸಂಭ್ರಮ! ಮುಂದಿನ ತಿಂಗಳೇ ನೊರೆ ಎದ್ದು ವಿಷಯ ಹೈಕೋರ್ಟ್ ಮೆಟ್ಟಿಲೇರಿತು.

ನೊರೆ ಎಲ್ಲರ ಕಣ್ಣಿಗೂ ಬೀಳುತ್ತೆ, ಪಾಚಿಗೆ ಮಾತ್ರ ಯಾರೂ ತಲೆಕೆಡಿಸಿಕೊಳ್ಳಲ್ಲ. ಬೆಂಗಳೂರಿನ ಕೊಳಚೆ ನೀರು ಎರಡನೇ ಹಂತದವರೆಗೆ ಶುದ್ಧವಾಗಿ ಇಲ್ಲಿಗೆ ಬರುತ್ತೆ. ಸಾರಜನಕ, ರಂಜಕ ಪೂರ್ತಿ ಹೋಗಿರಲ್ಲ. ನಮ್ಮ ಹೊಲದ ಗೊಬ್ಬರವೂ ಮಳೆಗೆ ಕೊಚ್ಚಿಕೊಂಡು ಸೇರುತ್ತೆ. ನಿಂತ ನೀರು, ಬಿಸಿಲು, ಈ ಪೋಷಕಾಂಶ: ಪಾಚಿಗೆ ಇನ್ನೇನು ಬೇಕು? ರಾತ್ರಿಯೆಲ್ಲ ಅದು ನೀರಿನ ಆಮ್ಲಜನಕ ಹೀರಿದರೆ ಬೆಳಗಿನ ಜಾವ ಮೀನು ಸಾಯ್ತವೆ. ಕೆಲವು ನೀಲಿ-ಹಸಿರು ಪಾಚಿಗಳ ವಿಷ ದನಕರುಗಳ ಲಿವರ್‌ಗೇ ಹೊಡೆಯುತ್ತೆ.

ಈ ಸಾರಜನಕ, ರಂಜಕವನ್ನೂ ತೆಗೆಯೋ ಮೂರನೇ ಹಂತದ ಶುದ್ಧೀಕರಣ ಕೇಳೋದು ನಮ್ಮ ಹಕ್ಕು. ನಿಮ್ಮೂರ ಕೆರೆ ಈಗ ಯಾವ ಬಣ್ಣದಲ್ಲಿದೆ? ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದವರು ಒಂದು ಫೋಟೋ ಹಾಕಿ.