ಅಲೆ ಒಂದೇ, ದಡ ಎರಡು

ದಾಯಾದಿಗಳ ವ್ಯಾಜ್ಯವನ್ನು ಕಾಣದ ಮನೆತನ ವಿರಳ. ಒಂದೇ ಹಿತ್ತಲಿನ ನಡುವೆ ಗೋಡೆಯೆಬ್ಬಿಸಿ, ವರ್ಷಾನುಗಟ್ಟಲೆ ಮಾತುಬಿಟ್ಟು ಬಾಳುವ ಅಣ್ಣತಮ್ಮಂದಿರ ಎರಡೂ ಮನೆಗಳು ಒಂದೇ ರಾತ್ರಿಯ ಮಳೆಗೆ ಕುಸಿದುಬಿದ್ದರೆ, ಮರುದಿನ ಅವರು ಒಟ್ಟಿಗೆ ಗುದ್ದಲಿ ಹಿಡಿಯುವರೇ? ಮೊದಲ ದಿನ ಖಂಡಿತ ಹಿಡಿಯುವರು. ನಾಲ್ಕನೆಯ ದಿನ, ನೆಂಟರು ಕಳುಹಿಸಿದ ಹಣ ಯಾರ ಪೆಟ್ಟಿಗೆಯಲ್ಲಿರಬೇಕೆಂಬ ಪ್ರಶ್ನೆ ತಲೆಯೆತ್ತುವುದು. ಮನೆಗೆ ಸಲ್ಲುವ ಈ ಮಾತು ರಾಜ್ಯಗಳಿಗೂ ಸಲ್ಲುತ್ತದೆಂಬುದನ್ನು ೨೦೦೪ರ ಕಡಲಬ್ಬರವು ಎರಡು ದೇಶಗಳಲ್ಲಿ ತೋರಿಸಿಕೊಟ್ಟಿತು.

ಆ ವರ್ಷ ಡಿಸೆಂಬರ್ ೨೬ರ ಭಾನುವಾರ ಬೆಳಗ್ಗೆ ಸುಮಾತ್ರಾ ದ್ವೀಪದ ಬಳಿ ಕಡಲ ತಳ ಕಂಪಿಸಿತು. ಕೆಲವೇ ನಿಮಿಷಗಳಲ್ಲಿ ಇಂಡೊನೇಷ್ಯದ ಆಚೆ ಪ್ರಾಂತವನ್ನು ಹೊಡೆದ ಅಲೆ, ಸುಮಾರು ಎರಡು ಗಂಟೆಗಳಲ್ಲಿ ಶ್ರೀಲಂಕೆಯ ಪೂರ್ವ ತೀರವನ್ನು ಮುಟ್ಟಿತು. ಆಚೆಯಲ್ಲಿ ೧,೫೦,೦೦೦ಕ್ಕೂ ಹೆಚ್ಚು ಜನ, ಶ್ರೀಲಂಕೆಯಲ್ಲಿ ೩೦,೦೦೦ಕ್ಕೂ ಹೆಚ್ಚು ಜನ ಅಸುನೀಗಿದರು. ಸಿಂಹಳ, ತಮಿಳ, ಮುಸಲ್ಮಾನ ಎಂಬ ಭೇದವನ್ನು ನೀರು ಕೇಳಲಿಲ್ಲ. ದಕ್ಷಿಣದ ಪೆರಲಿಯದಲ್ಲಿ ತುಂಬಿದ ರೈಲುಗಾಡಿಯೇ ಕೊಚ್ಚಿಹೋದರೆ, ಪೂರ್ವದ ಅಂಪಾರೆಯಲ್ಲಿ ಬೆಸ್ತರ ಕೇರಿಗಳು ಹೆಸರಿಲ್ಲದಂತಾದವು.

ಎರಡು ನಾಡುಗಳಲ್ಲಿಯೂ ಆಗ ಅಂತಃಕಲಹದ ಗಾಯ ಹಸಿಯಾಗಿತ್ತು. ಶ್ರೀಲಂಕೆಯಲ್ಲಿ ೧೯೮೩ರಿಂದ ಹೊತ್ತಿದ್ದ ಯುದ್ಧಕ್ಕೆ ೨೦೦೨ರ ಫೆಬ್ರವರಿಯಲ್ಲಿ ನಾರ್ವೆಯ ಮಧ್ಯಸ್ಥಿಕೆಯಿಂದ ಕದನವಿರಾಮ ದೊರೆತಿತ್ತು. ಆದರೆ ಉತ್ತರ ಮತ್ತು ಪೂರ್ವದ ಕರಾವಳಿಯ ಕೆಲವು ಭಾಗ ಎಲ್.ಟಿ.ಟಿ.ಇ. ಕೈಯಲ್ಲೇ ಉಳಿದಿತ್ತು. ಪ್ರಪಂಚದ ದಾನಿಗಳು ಹಣ ಕೊಡಲು ಮುಂದೆ ಬಂದರು. ಬಂಡುಕೋರರ ಕೈಗೆ ನೇರವಾಗಿ ಕೊಡಲು ಅವರಿಗೆ ಅಳುಕು. ಸರ್ಕಾರದ ಮೂಲಕವೇ ಪಡೆಯಲು ಹುಲಿಗಳಿಗೆ ಒಪ್ಪಿಗೆಯಿಲ್ಲ. ಹಣ ದೂರದಲ್ಲಿ, ಹಸಿವು ಹತ್ತಿರದಲ್ಲಿ ಎಂಬಂತಾಯಿತು ಸ್ಥಿತಿ.

ಮಾತುಕತೆ ತಿಂಗಳುಗಟ್ಟಲೆ ಎಳೆಯಿತು. ಕಡೆಗೆ ೨೦೦೫ರ ಜೂನ್ ೨೪ರಂದು, ಅಂದರೆ ಅಲೆ ಬಂದು ಆರು ತಿಂಗಳಿಗೆ ಎರಡೇ ದಿನ ಉಳಿದಿರುವಾಗ, ಉಭಯ ಪಕ್ಷಗಳ ಸಹಿ ಬಿದ್ದಿತು. ಕಡಲಿನಿಂದ ೨ ಕಿಲೋಮೀಟರ್ ಒಳಗಿನ ಪಟ್ಟಿಗೆ, ಆರು ಜಿಲ್ಲೆಗಳಿಗೆ, ಮೂರು ಹಂತಗಳ ಸಮಿತಿ ಏರ್ಪಾಡಾಯಿತು. ಪ್ರಾದೇಶಿಕ ಸಮಿತಿಯ ಹತ್ತು ಮಂದಿಯಲ್ಲಿ ಐವರು ಹುಲಿಗಳ ಕಡೆಯವರು, ಮೂವರು ಮುಸಲ್ಮಾನರು, ಇಬ್ಬರು ಸರ್ಕಾರದವರು. ಅದರ ಕಚೇರಿ ಹುಲಿಗಳ ನೆಲೆಯಾದ ಕಿಲಿನೊಚ್ಚಿಯಲ್ಲಿ.

ಸಹಿಯ ಮಸಿ ಆರುವ ಮುನ್ನವೇ ಬಿರುಕು ಕಂಡಿತು. ಬಂಡುಕೋರರಿಗೆ ಸರ್ಕಾರದ ಸರಿಸಮ ಪೀಠ ಸಲ್ಲದೆಂದು ಜನತಾ ವಿಮುಕ್ತಿ ಪೆರಮುನ ಪಕ್ಷ ಸಹಿಗೆ ವಾರದ ಮೊದಲೇ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಅವರ ಸರ್ಕಾರದಿಂದ ಹೊರನಡೆದಿತ್ತು. ಪೂರ್ವ ತೀರದಲ್ಲಿ ಅಪಾರ ಹಾನಿ ಉಂಡ ಮುಸಲ್ಮಾನರು, ತಮಗೆ ಸಮಿತಿಯಲ್ಲಿ ಸ್ಥಾನವಿದ್ದರೂ ಒಪ್ಪಂದದಲ್ಲಿ ಸಹಿಯ ಅಧಿಕಾರವಿಲ್ಲವೆಂದು ಮುನಿದರು. ೧೯೯೦ರಲ್ಲಿ ಹುಲಿಗಳು ತಮ್ಮವರನ್ನು ಉತ್ತರದಿಂದ ಹೊರಗಟ್ಟಿದ್ದನ್ನು ಅವರು ಮರೆತಿರಲಿಲ್ಲ. ಜುಲೈ ೧೫ರಂದು ಸುಪ್ರೀಂ ಕೋರ್ಟು ಕಿಲಿನೊಚ್ಚಿಯ ಕಚೇರಿಗೂ ಪ್ರಾದೇಶಿಕ ನಿಧಿಗೂ ತಡೆಯಾಜ್ಞೆ ಕೊಟ್ಟಿತು. ಒಪ್ಪಂದ ಹುಟ್ಟಿದ ಮೂರೇ ವಾರಗಳಲ್ಲಿ ಉಸಿರುಗಟ್ಟಿತು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ಇದಕ್ಕಿಂತ ಕ್ರೂರವಾಗಿ ಬೇರೆಲ್ಲಿ ನಿಜವಾದೀತು?

ಅದೇ ಕಾಲದಲ್ಲಿ ಆಚೆಯ ಕಥೆ ಬೇರೊಂದು ದಾರಿ ಹಿಡಿದಿತ್ತು. ಅಲ್ಲಿ ೧೯೭೬ರಿಂದ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಬಂಡುಕೋರರಿಗೂ ಜಕಾರ್ತಾ ಸರ್ಕಾರಕ್ಕೂ ಫಿನ್‌ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿಯವರ ಸಮ್ಮುಖದಲ್ಲಿ ೨೦೦೫ರ ಜನವರಿಯಿಂದ ಐದು ಸುತ್ತು ಮಾತುಕತೆ ನಡೆಯಿತು. ಆಗಸ್ಟ್ ೧೫ರಂದು ಹೆಲ್ಸಿಂಕಿಯಲ್ಲಿ ಒಪ್ಪಂದವಾಯಿತು. ಬಂಡುಕೋರರು ಸ್ವಾತಂತ್ರ್ಯದ ಬೇಡಿಕೆಯನ್ನು ಬಿಟ್ಟರು. ಸರ್ಕಾರ ಸ್ವಯಮಾಡಳಿತವನ್ನೂ ಸ್ಥಳೀಯ ಪಕ್ಷ ಕಟ್ಟುವ ಹಕ್ಕನ್ನೂ ಕೊಟ್ಟಿತು. ವರ್ಷದ ಕೊನೆಯೊಳಗೆ ೮೪೦ ಆಯುಧಗಳು ಒಪ್ಪಿಸಲ್ಪಟ್ಟವು. ಅಲೆ ಬಂದ ದಿನ ಬಂಡಾ ಆಚೆಯ ಸೆರೆಮನೆಯಲ್ಲಿದ್ದು ಮಾಡು ಒಡೆದು ಪಾರಾಗಿದ್ದ ಇರ್ವಾಂದಿ ಯೂಸುಫ್, ೨೦೦೬ರ ಡಿಸೆಂಬರಿನ ಚುನಾವಣೆಯಲ್ಲಿ ಅದೇ ಪ್ರಾಂತದ ಗವರ್ನರ್ ಆಗಿ ಆರಿಸಿ ಬಂದರು. ಸರ್ಕಾರ ನೇಮಿಸಿದ ಪುನರ್ನಿರ್ಮಾಣ ಸಂಸ್ಥೆಯ ನಾಲ್ಕು ವರ್ಷಗಳ ಅವಧಿಯಲ್ಲಿ ಸುಮಾರು ೧,೪೦,೦೦೦ ಮನೆಗಳು ಎದ್ದವು.

ದುಃಖವೇ ಹಗೆಯನ್ನು ಕರಗಿಸುವುದಾದರೆ ಶ್ರೀಲಂಕೆಯಲ್ಲಿಯೂ ಕರಗಬೇಕಿತ್ತು. ಆಚೆಯಲ್ಲಿ ಅಲೆಗೆ ಮೊದಲೇ ಸಂಧಾನದ ಎಳೆ ಹೊಸೆಯಲಾಗಿತ್ತು. ಬಂಡುಕೋರರ ಬಲವೂ ಕುಂದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಯಾರು ಹೇಗೆ ಆಳಬೇಕೆಂಬ ಮೂಲಪ್ರಶ್ನೆಯನ್ನೇ ಅವರು ಮೇಜಿನ ಮೇಲಿಟ್ಟರು. ಶ್ರೀಲಂಕೆಯವರು ಆ ಪ್ರಶ್ನೆಯನ್ನು ಬದಿಗಿರಿಸಿ, ಹಣದ ಪೆಟ್ಟಿಗೆಗೆ ಮಾತ್ರ ಎರಡು ಬೀಗದ ಕೈ ಮಾಡಿಸಹೊರಟರು. ಪೆಟ್ಟಿಗೆಯ ಕೀಲಿ ಹಿಡಿದವನೇ ಒಡೆಯನೆಂಬ ಅಂಜಿಕೆ ಎರಡು ಕಡೆಗೂ ಇದ್ದುದರಿಂದ, ಪರಿಹಾರದ ಸಮಿತಿಯೇ ರಾಜ್ಯವಿಭಜನೆಯ ಸಮಿತಿಯಂತೆ ಕಂಡಿತು. ಹಾಗೆಂದು ಹಸಿದವರು ರಾಜಕೀಯ ಇತ್ಯರ್ಥವಾಗುವವರೆಗೆ ಕಾದಿರಬೇಕಿತ್ತೆಂದು ಹೇಳಲು ಯಾವ ಮನಸ್ಸು ಒಪ್ಪೀತು? ಆ ಪ್ರಯತ್ನ ಸೋತಿತೆಂಬುದು ನಿಜ, ಮಾಡಬಾರದಿತ್ತೆಂಬುದು ನಿಜವಲ್ಲ.

ಸೋಲಿನ ಬೆಲೆ ಸಣ್ಣದಾಗಿರಲಿಲ್ಲ. ೨೦೦೫ರ ಆಗಸ್ಟಿನಲ್ಲಿ ವಿದೇಶಾಂಗ ಮಂತ್ರಿ ಲಕ್ಷ್ಮಣ ಕದಿರ್ಗಾಮರ್ ಅವರ ಕೊಲೆಯಾಯಿತು. ೨೦೦೬ರಲ್ಲಿ ಯುದ್ಧ ಮತ್ತೆ ಭುಗಿಲೆದ್ದಿತು. ೨೦೦೯ರ ಮೇ ತಿಂಗಳಲ್ಲಿ ಅದು ಕೊನೆಗೊಂಡುದು ಮುಲ್ಲೈತೀವಿನ ಕಡಲಂಚಿನ ಕಿರಿದಾದ ಮರಳ ಪಟ್ಟಿಯ ಮೇಲೆ. ಒಟ್ಟಿಗೆ ಕಟ್ಟಬೇಕೆಂದು ಸಮಿತಿಗೆ ಗುರುತಿಸಿಕೊಟ್ಟಿದ್ದ ಆರು ಜಿಲ್ಲೆಗಳಲ್ಲಿ ಅದೂ ಒಂದಾಗಿತ್ತು. ಅಲೆಯಿಂದ ಉಳಿದು, ಮಕ್ಕಳ ಕೈ ಹಿಡಿದು ಕಡಲಿನಿಂದ ದೂರ ಓಡಿದ್ದ ಆ ಜಿಲ್ಲೆಯ ಜನ, ನಾಲ್ಕು ವರ್ಷಗಳ ಬಳಿಕ ಗುಂಡಿನಿಂದ ಉಳಿಯಲು ಅದೇ ಕಡಲಿನತ್ತ ಓಡಬೇಕಾಯಿತು.