ಎಂಟರ ನಂಟು

ಹೊಸ ಫೋನು ಮಾರುಕಟ್ಟೆಗೆ ಬಂದ ವಾರವೇ ಕೈಯಲ್ಲಿರಬೇಕು ಅನ್ನುವವರು ಬೆಂಗಳೂರಿನ ಸಾಫ್ಟ್‌ವೇರ್ ಮಂದಿಯಲ್ಲಿ ಹೇರಳ. ಅಂಥವರನ್ನೇ ಹಿಡಿದು, 'ಆಫೀಸಿನಲ್ಲಿ ದಿನವಿಡೀ ಯಾವ ಜಾವಾದಲ್ಲಿ ಕೆಲಸ ಮಾಡ್ತೀರಪ್ಪ?' ಎಂದು ಕೇಳಿ ನೋಡಿ. ಹಲವರು ಕಾಫಿ ಲೋಟ ಕೆಳಗಿಟ್ಟು, ದನಿ ತಗ್ಗಿಸಿ, 'ಎಂಟು' ಅನ್ನುತ್ತಾರೆ. ವಯಸ್ಸು ಕೇಳಿದರೂ ಅಷ್ಟು ಸಂಕೋಚಪಡುವುದಿಲ್ಲ.

ಸಂಕೋಚಕ್ಕೆ ಕಾರಣವಿದೆ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎಂಟನೆಯ ಆವೃತ್ತಿ, ಅಂದರೆ ಜಾವಾ 8, ಬಂದದ್ದು 2014ರ ಮಾರ್ಚ್‌ನಲ್ಲಿ. ಆಗ ನಮ್ಮೂರು ಸರ್ಕಾರದ ಇಂಗ್ಲಿಷ್ ಕಡತಗಳಲ್ಲಿ ಇನ್ನೂ 'ಬ್ಯಾಂಗಲೋರ್'. ಅದು 'ಬೆಂಗಳೂರು' ಆದದ್ದು ಅದೇ ವರ್ಷದ ರಾಜ್ಯೋತ್ಸವದ ದಿನ. ಇಡೀ ಮಹಾನಗರ ಹೆಸರು ಬದಲಿಸಿಕೊಂಡಿತು, ಬೋರ್ಡುಗಳು ಬದಲಾದವು. 2025ರ ಸೆಪ್ಟೆಂಬರ್ ಹೊತ್ತಿಗೆ ಜಾವಾ ಕೂಡ 25ಕ್ಕೆ ಬಂದು ನಿಂತಿತು. ಆದರೆ ಅದೇ ಊರಿನ ಗಾಜಿನ ಕಟ್ಟಡಗಳೊಳಗೆ ಎಷ್ಟೋ ಬ್ಯಾಂಕು, ವಿಮೆಗಳ ಲೆಕ್ಕಾಚಾರ ಎಂಟರ ಮೇಲೇ ನಡೆದಿದೆ.

ಇದಕ್ಕೆ ಸೋಮಾರಿತನ ಎಂದು ಹೆಸರಿಡುವುದು ಸುಲಭ. ಹಾಗೆ ಹೆಸರಿಡುವವರು ಒಂಬತ್ತನ್ನು ಕಂಡವರಲ್ಲ. 2017ರಲ್ಲಿ ಬಂದ ಜಾವಾ 9, ಅಲ್ಲಿಯವರೆಗೆ ತೆರೆದಿದ್ದ ಒಳಕೋಣೆಗಳಿಗೆ ಬೀಗ ಹಾಕತೊಡಗಿತು. 'ಇದು ನಮ್ಮ ಒಳಬಳಕೆಗೆ, ಹೊರಗಿನವರು ಮುಟ್ಟಬೇಡಿ' ಎಂದು ಜಾವಾ ಕಟ್ಟಿದವರು ಮೊದಲಿಂದ ಹೇಳುತ್ತಲೇ ಇದ್ದರು; ಹೆಸರಾಂತ ಲೈಬ್ರರಿಗಳೆಲ್ಲ ಮುಟ್ಟುತ್ತಲೇ ಇದ್ದವು. ಒಂಬತ್ತು ಬರೀ ಗದರಿಸಿ ಬಿಟ್ಟಿತು, ಹದಿನಾರು ಬಾಗಿಲು ಮುಚ್ಚಿತು, ಹದಿನೇಳು ಚಿಲಕವನ್ನೂ ಜಡಿಯಿತು. ನಡುವೆ 2018ರಲ್ಲಿ ಬಂದ ಹನ್ನೊಂದು, ಎಕ್ಸ್‌ಎಂಎಲ್ ಓದಿ ಬರೆಯುವ ಜಾಕ್ಸ್‌ಬಿಯಂಥ ಸಾಮಾನುಗಳನ್ನು ಮನೆಯಿಂದಲೇ ಹೊರಹಾಕಿತು.

ಅದೂ ಹೋಗಲಿ, ಬರೀ ಸಂಖ್ಯೆಯೇ ತಂದ ತಾಪತ್ರಯ ಕೇಳಿ. ಜಾವಾ 8 ತನ್ನನ್ನು '1.8' ಎಂದು ಹೇಳಿಕೊಳ್ಳುತ್ತಿತ್ತು. ಒಂಬತ್ತು ಹಾಗೆ '1.9' ಅನ್ನದೆ ನೇರವಾಗಿ '9' ಎಂದಿತು. ಚುಕ್ಕಿಯ ಆಚೆಗಿನ ಅಂಕಿಯನ್ನು ಹುಡುಕಿಕೊಂಡು ಹೋಗುತ್ತಿದ್ದ ಪ್ರೋಗ್ರಾಮುಗಳು ಚುಕ್ಕಿಯೇ ಕಾಣದೆ ಮುಗ್ಗರಿಸಿದವು.

ಹಳೆಯ ಹೆಂಚಿನ ಮನೆಯಲ್ಲಿ ಸೋರುವ ಒಂದು ಹೆಂಚು ಬದಲಿಸಲು ಮಾಡು ಹತ್ತಿದವನು ಕಾಲಿಟ್ಟಲ್ಲೆಲ್ಲ ಇನ್ನೆರಡು ಒಡೆಯುವುದನ್ನು ಮಲೆನಾಡಿನವರು, ಕರಾವಳಿಯವರು ಬಲ್ಲರು. ಇಲ್ಲಿಯೂ ಅಷ್ಟೇ. ಜಾವಾ ಪ್ರೋಗ್ರಾಮು ಕಟ್ಟಲು ಬಳಸುವ ಚೌಕಟ್ಟು ಸ್ಪ್ರಿಂಗ್ ಬೂಟ್; 2022ರ ಕೊನೆಗೆ ಬಂದ ಅದರ ಮೂರನೆಯ ಆವೃತ್ತಿಗೆ ಕಡಿಮೆಯೆಂದರೂ ಜಾವಾ 17 ಬೇಕು. ಜೊತೆಗೆ ಕೋಡಿನ ತುಂಬ ಹರಡಿರುವ 'ಜಾವಾಎಕ್ಸ್' ಹೆಸರುಗಳಲ್ಲಿ ಹಲವು 'ಜಕಾರ್ತ' ಆಗಬೇಕು. ಅದಕ್ಕೆ ಒಪ್ಪುವ ಹೊಸ ಸರ್ವರ್ ಬೇಕು. ಆ ಸರ್ವರ್ ಒಪ್ಪಿದರೆ, ವರದಿ ಮುದ್ರಿಸುವ ಹಳೇ ಲೈಬ್ರರಿ ಒಪ್ಪುವುದಿಲ್ಲ. ಅದನ್ನು ಬರೆದವರು ಎಲ್ಲಿದ್ದಾರೋ ಹುಡುಕಬೇಕು.

ಇಷ್ಟಕ್ಕೂ ಒಪ್ಪಿ ಹೊರಟೆವು ಅನ್ನಿ. ದುಡ್ಡು ಕೇಳಲು ಮೇಲಿನವರ ಕೋಣೆಗೆ ಹೋಗಬೇಕಲ್ಲ? ಅಲ್ಲಿ ನಡೆಯುವ ಮಾತುಕತೆ ಯಾವ ಕಂಪನಿಯಲ್ಲಾದರೂ ಹೆಚ್ಚುಕಡಿಮೆ ಹೀಗೇ:

'ಎಷ್ಟು ತಿಂಗಳು ಹಿಡಿಯುತ್ತೆ?'

'ಆರಾದರೂ ಬೇಕು ಸಾರ್.'

'ಆಮೇಲೆ ಕಸ್ಟಮರ್‌ಗೆ ಹೊಸದಾಗಿ ಏನು ಕಾಣುತ್ತೆ?'

'ಏನೂ ಕಾಣಲ್ಲ ಸಾರ್. ಎಲ್ಲ ಮೊದಲಿನ ಹಾಗೇ ಇರುತ್ತೆ.'

'ಮೊದಲಿನ ಹಾಗೆ ಇರೋದಕ್ಕೆ ಈಗಿರೋದೇ ಸಾಕಲ್ಲಯ್ಯ!'

ಈ ತರ್ಕಕ್ಕೆ ನನ್ನ ಬಳಿ ಉತ್ತರವಿಲ್ಲ. ಹೊಸ ಬಟನ್ ಕೂರಿಸಿದವನಿಗೆ ಚಪ್ಪಾಳೆ, ಬಡ್ತಿ. ಯಾರಿಗೂ ಗೊತ್ತಾಗದಂತೆ ತಳಪಾಯ ಬದಲಿಸಿದವನಿಗೆ, ಎಲ್ಲ ಸರಿಹೋದರೆ ಮೌನ. ಒಂದು ಬಿಲ್ಲು ತಪ್ಪು ಬಂದರೆ ನಡುರಾತ್ರಿ ಫೋನು. ಹೀಗಿರುವಾಗ ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವವರು ಯಾರು?

ವಕೀಲರ ಪಾಲೂ ಇದೆ. 2019ರಿಂದ ಜಾವಾದ ಒಡೆಯ ಕಂಪನಿ ಒರೇಕಲ್ ತನ್ನ ಜಾವಾ 8ರ ಹೊಸ ತೇಪೆಗಳಿಗೆ ವ್ಯಾಪಾರಿ ಬಳಕೆದಾರರಿಂದ ಹಣ ಕೇಳತೊಡಗಿತು. 2023ರಲ್ಲಿ ತಂದ ಚಂದಾ ಪದ್ಧತಿಯಲ್ಲಂತೂ ಕಂಪನಿಯ ಒಟ್ಟು ನೌಕರರ ತಲೆ ಎಣಿಸಿ ದರ. ಜಾವಾ ಮುಟ್ಟದವನ ತಲೆಯೂ ಲೆಕ್ಕಕ್ಕುಂಟು. ಕಂಪನಿಗಳು ಗಾಬರಿಯಾಗಿ ಕೊರೆಟ್ಟೊ, ಟೆಮುರಿನ್‌ನಂಥ ಉಚಿತ ಜಾವಾಗಳತ್ತ ಓಡಿದವು. ಅವು ಎಂಟಕ್ಕೂ ತೇಪೆ ಹಾಕುತ್ತಲೇ ಇವೆ. ಹಾಗಾಗಿ, ಅಂಗಡಿ ಬದಲಾದರೂ ಸರಕು ಅದೇ ಎಂಟು.

ಇಷ್ಟು ಹೇಳಿ ನಗುವ ಮೊದಲು ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳೋಣ. ಅಡೋಬಿ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ತಯಾರಿಸಿದವರೇ ಅದನ್ನು ಮರೆತು ಎಷ್ಟೋ ವರ್ಷವಾಯಿತು. ಆದರೂ ಮದುವೆ ಕರೆಯೋಲೆ ಮಾಡಿಸಲು ಡಿಟಿಪಿ ಅಂಗಡಿಗೆ ಹೋದರೆ ಅದೇ ಪೇಜ್‌ಮೇಕರ್, ಅದರೊಳಗೆ ಯೂನಿಕೋಡ್ ಪೂರ್ವಕಾಲದ ಫಾಂಟು ಕಣ್ಣಿಗೆ ಬೀಳುವುದುಂಟು. ಕೇಳಿದರೆ, 'ಹಳೇ ಫೈಲೆಲ್ಲ ಇದರಲ್ಲೇ ಇದೆ ಸಾರ್, ಕೈಗೂ ಇದೇ ಕೂತುಬಿಟ್ಟಿದೆ' ಎನ್ನುತ್ತಾರೆ. ಹೊರ ವರ್ತುಲ ರಸ್ತೆಯ ಆರ್ಕಿಟೆಕ್ಟ್ ಸ್ಲೈಡುಗಳಲ್ಲಿ ಹೇಳುವುದೂ ಇದೇ ಮಾತು.

ಹೊಸ ಜಾವಾದಿಂದ ಲಾಭವಿಲ್ಲವೇ ಎಂದರೆ, ಉಂಟು. ಅದರಲ್ಲೂ ಕನ್ನಡಿಗರ ಪಾಲಿಗೆ ಒಂದು ತಮಾಷೆ. ಒಂಬತ್ತರಿಂದ ಇಂಗ್ಲಿಷ್ ಅಕ್ಷರಗಳ ಪಠ್ಯ ಸ್ಮೃತಿಯಲ್ಲಿ ಅರ್ಧ ಜಾಗದಲ್ಲೇ ಮುದುಡಿ ಕೂರುತ್ತದೆ. ಕನ್ನಡಕ್ಕೆ ಆ ರಿಯಾಯಿತಿ ಇಲ್ಲ, ಮೊದಲಿನಷ್ಟೇ ಜಾಗ. ಆದರೆ 2022ರ ಹದಿನೆಂಟರಿಂದ ಅಕ್ಷರಗಳನ್ನು ಬರೆದಿಡಲು ಯುಟಿಎಫ್-8 ಎಲ್ಲೆಡೆ ಸಹಜ ಪದ್ಧತಿಯಾಯಿತು. ಅದಕ್ಕೂ ಮುಂಚೆ, ಪದ್ಧತಿ ಯಾವುದೆಂದು ಬಿಡಿಸಿ ಹೇಳದಿದ್ದರೆ, ವಿಂಡೋಸ್ ಯಂತ್ರದಲ್ಲಿ ಬರೆದಿಟ್ಟ ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆಯಾಗುತ್ತಿತ್ತು.

ಹಾಗಾದರೆ ಹಳಬರಿಗೆ ಶಿಕ್ಷೆ ಆಗುವುದಿಲ್ಲವೇ? ವಿಧಿಯ ಲೆಕ್ಕ ವಿಚಿತ್ರ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯ ಭದ್ರತೆಯ ಬಿರುಕು ಬಯಲಾಗಿ ಜಗತ್ತಿನ ಸಾಫ್ಟ್‌ವೇರ್ ಮಂದಿ ನಿದ್ದೆಗೆಟ್ಟರು. ಆ ಬಿರುಕು ಇದ್ದದ್ದು ಎರಡನೆಯ ಪೀಳಿಗೆಯಲ್ಲಿ. 2015ರಲ್ಲೇ ಕೈಬಿಟ್ಟಿದ್ದ ಒಂದನೆಯ ಪೀಳಿಗೆಗೇ ಅಂಟಿಕೊಂಡಿದ್ದವರು ಆ ಹೊಡೆತದಿಂದ ಪಾರಾದರು. ಆದರೆ ಎರಡನೆಯದಕ್ಕೆ ಬಂದೂ ಜಾವಾ 7, ಜಾವಾ 6ರಲ್ಲಿ ಕೂತಿದ್ದವರ ಪಾಡು ಬೇರೆ. ಮೊದಲು ಬಂದ ತೇಪೆ ಎಂಟಕ್ಕೆ. ಅವರು ತಮ್ಮ ಪಾಲಿನದಕ್ಕೆ ಕಾಯುತ್ತ ಕೂರಬೇಕಾಯಿತು. ಪಾರಾದದ್ದು ಅದೃಷ್ಟ, ಕಾದದ್ದು ನಿಯಮ. ಅದೃಷ್ಟವನ್ನು ನಂಬಿ ಕಂಪನಿ ನಡೆಸಲಾಗದು.

ಆದ್ದರಿಂದ ನನ್ನ ತೀರ್ಪು ಇಷ್ಟೇ. ಹಳೆಯದರಲ್ಲಿ ಉಳಿಯುವುದು ಅಪರಾಧವಲ್ಲ. ಯಾಕೆ ಉಳಿದಿದ್ದೇವೆಂದು ಕಂಪನಿಯಲ್ಲಿ ಒಬ್ಬರಿಗೂ ಗೊತ್ತಿಲ್ಲದಿರುವುದು ಅಪರಾಧ. ಕಾರಣ ಗೊತ್ತಿದ್ದರೆ ಬರೆದಿಡಿ, ಬಿಡುವ ತಾರೀಖನ್ನೂ ಬರೆದಿಡಿ. ಒರೇಕಲ್ ಎಂಟಕ್ಕೆ ಕೊಡುವ ಕಾಸಿನ ಆರೈಕೆಗೂ 2030ರ ಡಿಸೆಂಬರ್ ಎಂಬ ಗಡುವಿದೆ. ಅಷ್ಟರೊಳಗೆ, ಆ ಕೋಡು ಬರೆದವರು ಇನ್ನೂ ನಿಮ್ಮ ಕಟ್ಟಡದಲ್ಲೇ ಇರುವಾಗಲೇ, ಒಂದೊಂದೇ ಮೆಟ್ಟಿಲು ಹತ್ತಿಬಿಡಿ.