ಗೊಡಚಿಯ ಗುಗ್ಗಳ: ಇಲ್ಲಿ ರೀಟೇಕ್ ಇಲ್ಲ!

ಬೆಂಕಿ ಸೀನು ಅಂದರೆ ನಮಗೆ ಗೊತ್ತಿರುವುದು ಒಂದೇ. ಗೋದಾಮಿಗೆ ಬೆಂಕಿ ಬೀಳುತ್ತದೆ. ಹೀರೋ ಗಾಜು ಒಡೆದು ಒಳಗೆ ನುಗ್ಗುತ್ತಾನೆ, ತಾಯಿಯನ್ನೋ ತಂಗಿಯನ್ನೋ ಹೊತ್ತು ಹೊರಗೆ ಬರುತ್ತಾನೆ. ಕ್ರಾಪು ಮಾತ್ರ ಕೆಡುವುದಿಲ್ಲ! ನಾವು ಸೀಟಿ ಹೊಡೆಯುತ್ತೇವೆ. ಅವನ ಬದಲಿಗೆ ಬೆಂದ ಡೂಪಿನ ಹೆಸರು ಯಾರಿಗೂ ಬೇಕಿಲ್ಲ. ಡೂಪ್ ಇಲ್ಲದ ಬೆಂಕಿ ನೋಡಬೇಕೇ ಗೆಳೆಯರೇ? ಹಾಗಾದರೆ ಡಿಸೆಂಬರಿನ ಚಳಿಯಲ್ಲಿ, ಹೊಸ್ತಿಲ ಹುಣ್ಣಿಮೆಗೆ, ರಾಮದುರ್ಗದ ಬಸ್ಸು ಹತ್ತಿ.

ನಾನು ಹತ್ತಿದ್ದು ನೋಡಲಿಕ್ಕಲ್ಲ, ಸಾಲ ತೀರಿಸಲಿಕ್ಕೆ. ಪಿಯುಸಿ ಅರ್ಧಕ್ಕೇ ಬಿಟ್ಟು, ಮನೆಯಲ್ಲಿ ಹೇಳದೆ ಬೆಂಗಳೂರಿಗೆ ಓಡಿ ಹೋಗಿದ್ದೆ. ಸಿನಿಮಾ ಹುಚ್ಚು! ಮಗ ತಿರುಗಿ ಬಂದರೆ ಗುಗ್ಗಳ ಹೊರಿಸುತ್ತೇನೆಂದು ಅವ್ವ ಗೊಡಚಿ ವೀರಭದ್ರನಿಗೆ ಹರಕೆ ಹೊತ್ತಳು. ಮೂರು ತಿಂಗಳಿಗೇ ಬಂದೆ. ಹರಕೆ ಮಾತ್ರ ಹತ್ತು ವರ್ಷ ಹಾಗೇ ಉಳಿಯಿತು. ‘ದೇವರಿಗೇನು ಬಡ್ಡಿ ಹಾಕ್ತದೇನಬೇ’ ಅಂತ ನಗಾಡುತ್ತಿದ್ದೆ. ಈ ಸಲ ಅವ್ವ ನಗಲಿಲ್ಲ. ‘ನೀ ಹೊರಂಗಿಲ್ಲಂದ್ರ ಬಿಡಪಾ. ನಾನ ಹೊರತೇನಿ’ ಅಂದಳು. ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲಾರದ ಹೆಂಗಸು!

ಕಿತ್ತೂರಿನಿಂದ ಬೆಳಗಿನ ಬಸ್ಸು. ನನಗೆ ಟಿಕೀಟು, ಅವ್ವನಿಗೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಪುಕ್ಕಟೆ ಚೀಟಿ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದದ್ದು ಇದೇ ಕಿತ್ತೂರ ಕೋಟೆಯ ಮುಂದೆ. ಪಂತುಲು ಅವರ 1961ರ ಚಿತ್ರದಲ್ಲಿ ಬಿ. ಸರೋಜಾದೇವಿ ಚೆನ್ನಮ್ಮನಾದರು. ಆದರೆ ಖರೇ ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ಕಣ್ಣು ಮುಚ್ಚಿದ್ದು ಮುಂದಿನ ಊರು ಬೈಲಹೊಂಗಲದಲ್ಲಿ. ಅವಳ ಸಮಾಧಿ ಅಲ್ಲೇ ಇದೆ. ಬಸ್ಸಿನಲ್ಲೇ ಅವ್ವ ಕೈಮುಗಿದಳು.

ಸವದತ್ತಿಯಲ್ಲಿ ಅರ್ಧ ಬಸ್ಸು ಖಾಲಿ. ಇದೇ ಹುಣ್ಣಿಮೆಗೆ ಗುಡ್ಡದ ಎಲ್ಲಮ್ಮನ ಬಳೆ ಒಡೆಯುತ್ತಾರೆ. ಅವಳು ಮತ್ತೆ ಮುತ್ತೈದೆಯಾಗುವುದು ಭಾರತ ಹುಣ್ಣಿಮೆಗೆ. ಅಲ್ಲಿ ತಾಯಿಯ ದುಃಖ, ಗೊಡಚಿಯಲ್ಲಿ ದಕ್ಷನ ಯಜ್ಞ ಕೆಡವಿದ ವೀರಭದ್ರನ ಸಿಟ್ಟು. ಒಂದೇ ಚಂದ್ರನ ಕೆಳಗೆ ಎರಡು ಚಿತ್ರ! ಕಿಟಕಿಯಾಚೆ ಬಿಳಿಜೋಳ, ಕಡಲೆ, ಕುಸುಬಿ ಹೊಲ. ರಾಮದುರ್ಗದಲ್ಲಿ ಇಳಿದು ಜಾತ್ರೆ ಬಸ್ಸು ಹಿಡಿದೆವು.

ಗೊಡಚಿ ಚಿಕ್ಕ ಊರು, ಆದರೆ ನಿನ್ನೆ ಮೊನ್ನೆಯದಲ್ಲ. ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಕಾಲದ, 578ರ ತಾಮ್ರಪಟ ಸಿಕ್ಕಿದ್ದು ಇಲ್ಲಿಯೇ. ಗುಗ್ಗಳ ಅಂದರೆ ಒಂದು ಮರದ ಅಂಟು, ಧೂಪಕ್ಕೆ ಹಾಕುವಂಥದ್ದು. ಹೊಸ ಮಣ್ಣಿನ ಕೊಡದ ಬಾಯಿ ಅಗಲ ಮಾಡಿ, ಕಟ್ಟಿಗೆ ತುಂಬಿ, ಎಣ್ಣೆ ಸುರಿದು ಉರಿ ಹಚ್ಚುತ್ತಾರೆ. ಗುಗ್ಗಳದ ಪುಡಿ ಎರಚಿದರೆ ಬುಸ್ಸೆಂದು ಜ್ವಾಲೆ ಏಳುತ್ತದೆ. ಮುಂದೆ ಪುರವಂತರು ಕತ್ತಿ ಹಿಡಿದು ಒಡಪು ಹೇಳುತ್ತ ಕುಣಿಯುತ್ತಾರೆ. ಕೆಲವರು ಗಲ್ಲಕ್ಕೆ ಶಸ್ತ್ರ ಹಾಕಿಸಿಕೊಳ್ಳುತ್ತಾರೆ. ಸಂಬಾಳದ ಪೆಟ್ಟು ಎದೆಗೇ ಬೀಳುತ್ತದೆ.

ಒದ್ದೆ ಬಟ್ಟೆಯ ಸಿಂಬಿ ಇಟ್ಟು, ನನ್ನ ತಲೆಯ ಮೇಲೆ ಕೊಡ ಏರಿಸಿದರು. ಮಣ್ಣು ಕಾವನ್ನು ಬೇಗ ಬಿಡುವುದಿಲ್ಲ, ತಳದ ಬೂದಿ ತಡೆಯುತ್ತದೆ, ಒದ್ದೆ ಬಟ್ಟೆ ಕಾಯುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ನೆತ್ತಿಯ ಮೇಲೆ ಬೆಂಕಿ ಭುಗಿಲೆಂದಾಗ ಆ ವಿಜ್ಞಾನ ಯಾವ ಬಸ್ಸು ಹತ್ತಿ ಹೋಯಿತೋ! ಕಣ್ಣಲ್ಲಿ ಹೊಗೆ. ಕಿವಿಯ ಹತ್ತಿರ ಕೂದಲು ಸುಟ್ಟ ವಾಸನೆ. ಹೆಗಲಿಗೆ ಕಿಡಿ ಬಿತ್ತು. ಕೊಡ ಕೆಡವಿ ಓಡಲೇ? ಒಮ್ಮೆ ಓಡಿದವನು ನಾನು, ಓಡುವುದು ಚೆನ್ನಾಗಿ ಗೊತ್ತು. ಪಕ್ಕದಲ್ಲಿ ನೋಡಿದೆ. ಕುಂಟುತ್ತ, ಎಣ್ಣೆ ತಂಬಿಗೆ ಹಿಡಿದು, ಅವ್ವ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದಳು. ದೇವರನ್ನಲ್ಲ, ನನ್ನನ್ನೇ ನೋಡುತ್ತಿದ್ದಳು. ಗುಡಿಯ ತನಕ ನಡೆದೆ.

ಜಪಾನಿನ ನೊಜಾವಾ ಒನ್ಸೆನ್ ಎಂಬ ಹಿಮದ ಊರಿನಲ್ಲಿ ಜನವರಿ 15ರ ರಾತ್ರಿ ಬೆಂಕಿ ಹಬ್ಬ ನಡೆಯುತ್ತದೆ. ಕಟ್ಟಿಗೆಯಿಂದ ದೊಡ್ಡ ಗುಡಿ ಕಟ್ಟುತ್ತಾರೆ. 42ರ ಗಂಡಸರು ಮೇಲೆ ಕೂರುತ್ತಾರೆ, 25ರ ಹುಡುಗರು ಕೆಳಗೆ ಕಾಯುತ್ತಾರೆ. ಊರವರು ಪಂಜು ಹಿಡಿದು ನುಗ್ಗಿ ಬರುತ್ತಾರೆ. ಕೊನೆಗೆ ಗುಡಿ ಉರಿದು ಹೋಗುತ್ತದೆ. ಆ ಎರಡು ವಯಸ್ಸು ಗಂಡಸರಿಗೆ ಕಂಟಕವಂತೆ, ಬೆಂಕಿ ದಾಟಿದರೆ ಕಳೆಯಿತಂತೆ. ನಮ್ಮಲ್ಲಿ ಕಂಟಕದ ವಯಸ್ಸು ಯಾವುದು? ಓಡಿ ಹೋಗುವ ವಯಸ್ಸೇ ಇರಬೇಕು.

ದೇವರು ಹರಕೆ ಕೇಳಿದನೋ ಇಲ್ಲವೋ, ನಾನು ವಾದಿಸುವುದಿಲ್ಲ. ಹತ್ತು ವರ್ಷ ಅವ್ವ ನನ್ನನ್ನು ಪೂರ್ತಿ ನಂಬಿರಲಿಲ್ಲ ಎನ್ನುವುದು ಮಾತ್ರ ಅಂದು ತಿಳಿಯಿತು. ಅಂಗಡಿ ಸಾಲಿನಲ್ಲಿ ಬಳೂಲ ಹಣ್ಣು, ಬಾರಿ ಹಣ್ಣು ಕೊಂಡು ನನ್ನ ಕೈಗೆ ಕೊಟ್ಟಳು. ‘ತೀರಿತು. ಇನ್ನ ಬೆಂಗಳೂರಿಗೆ ಹೋಗೂದಿದ್ರ ಹೇಳಿ ಹೋಗು’ ಅಂದಳು. ಅಷ್ಟೇ.

ಹೋಗುವವರಿಗೆ ಒಂದು ಮಾತು: ಹತ್ತಿಯ ಅಂಗಿ ಹಾಕಿಕೊಳ್ಳಿ. ನನ್ನ ಟೆರಿಲಿನ್ ಅಂಗಿಯ ಹೆಗಲಲ್ಲಿ ಎರಡು ತೂತು ಬಿದ್ದಿವೆ. ಅವ್ವ ಹೊಲಿಯುತ್ತೇನೆಂದಳು. ನಾನೇ ಬೇಡವೆಂದೆ.